ಎರಡನೇ ಹಂತದ ಬಾಣ

ಇವತ್ತು ಬಾಯಿ ಬಿಡಬಾರದು ಎಂದು ಸರ್ವಮಂಗಳ ಶಿಕಾರಿಪುರದಲ್ಲಿ ಬಸ್ಸು ಹತ್ತುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ನಿಶ್ಚಯವೆಂದರೆ ಎಂಥದು, ಒಂಬತ್ತು ವರ್ಷದಿಂದ ದಿನಾ ಮಾಡುತ್ತ ಬಂದದ್ದೇ ಅದು. ಇವತ್ತು ಸ್ವಲ್ಪ ಗಟ್ಟಿಯಾಗಿ ಮಾಡಬೇಕಿತ್ತು, ಅಷ್ಟೆ. ಸೊರಬದಲ್ಲಿ ಅವಳು ಪಾಠ ಮಾಡುವ ಟ್ರಸ್ಟಿನ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ಖಾಯಂ ಲೆಕ್ಚರರ್ ರಜೆ ಹಾಕಿದ್ದರಿಂದ ಅತಿಥಿ ಉಪನ್ಯಾಸಕಿಯಾದ ಅವಳನ್ನೇ ಕಾಲೇಜಿನ ಪರವಾಗಿ ಪರೀಕ್ಷಕಿ ಎಂದು ಹಾಕಿದ್ದರು. ಅತಿಥಿ! ಒಂಬತ್ತು ವರ್ಷ ಬಿಡದೆ ಬರುವ ಅತಿಥಿಯನ್ನು ಯಾವ ಮನೆಯವರು ಕಂಡಿದ್ದಾರೆ? ಪ್ರತಿ ಜೂನ್‌ನಲ್ಲಿ ವಿಭಾಗದ ಮುಖ್ಯಸ್ಥ ಸಂಗಮೇಶ್ ಒಂದು ಪತ್ರ ಬರೆದುಕೊಟ್ಟರೆ ಇನ್ನೊಂದು ವರ್ಷ ಕೆಲಸ ಉಂಟು, ಬರೆಯದಿದ್ದರೆ ಇಲ್ಲ. ನಿನ್ನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನ ಫೋನು ಬಂದಿತ್ತು. "ಮೇಡಂ, ಹೊರಗಿಂದ ಕಲ್ಲಪ್ಪ ಸರ್ ಎಕ್ಸಾಮಿನರ್ ಆಗಿ ಬರ್ತಾರೆ. ಅವರು ಹೇಳಿದ್ದಕ್ಕೆ ಹೂಂ ಅಂದು ಸೈನ್ ಹಾಕಿದ್ರೆ ಆಯ್ತು. ತಲೆ ಕೆಡಿಸ್ಕೊಳ್ಬೇಡಿ." ಹಿಟ್ಟಿನ ಕೈಯಲ್ಲಿ ಫೋನು ಹಿಡಿದುಕೊಂಡೇ ಅವಳು ಆಗಲೇ ಒಂದು ಹೂಂ ಅಂದಿದ್ದಳು. ಶಿರಾಳಕೊಪ್ಪದಲ್ಲಿ ಸಂತೆಯ ಜನ ನುಗ್ಗಿ, ಯಾರೋ ಹೆಂಗಸು ಶುಂಠಿ ಚೀಲವನ್ನು ಅವಳ ಪಾದದ ಮೇಲೆಯೇ ಇಳಿಸಿದಳು. ಅದಕ್ಕೂ ಅವಳು ಬಾಯಿ ಬಿಡಲಿಲ್ಲ. ಸೊರಬದವರೆಗೆ ಕಾಲು ಜೋಮು ಹಿಡಿದು ಕೂತಿತ್ತು.

ಸಂಗಮೇಶ್ ಇದೇ ಕಾಲೇಜಿನಲ್ಲಿ ಅವಳ ಕ್ಲಾಸಿನವನು, ಅವಳ ಹಿಂದಿನ ಬೆಂಚು. ಅವಳ ರೆಕಾರ್ಡ್ ಪುಸ್ತಕವನ್ನು ಮೊದಲು ಕಡ ಕೇಳಿದವನೂ ಅವನೇ. ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳನ್ನು ಚಿತ್ರ, ಅಳತೆ, ಗ್ರಾಫ್ ಸಮೇತ ಬರೆದು ಸಹಿ ಹಾಕಿಸಿಕೊಳ್ಳುವ ಪುಸ್ತಕ ಅದು. ಮಾಡಿದ ಎನ್ನುವುದು ಮಾತಿಗೆ. ಈ ಕಡೆಯ ಯಾವ ಕಾಲೇಜಿನಲ್ಲೂ ರೆಕಾರ್ಡನ್ನು ಮಾಡಿ ಬರೆದವರಿಲ್ಲ, ನೋಡಿ ಬರೆದವರೇ ಎಲ್ಲ. ಸೀನಿಯರುಗಳ ಹಳೇ ರೆಕಾರ್ಡು ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ, ಅಣ್ಣನಿಂದ ತಮ್ಮನಿಗೆ, ಸೊರಬದಿಂದ ಸಾಗರಕ್ಕೆ ನಡೆದುಕೊಂಡು ಹೋಗುತ್ತದೆ. ಅದರಲ್ಲಿ ಚಂದ ಬರೆದದ್ದು ಯಾವುದೋ ಅದೇ ಎಲ್ಲರಿಗೂ ಮೂಲ. ಅವಳು ಚಂದ ಬರೆಯುತ್ತಿದ್ದಳು. ಅಯ್ಯೋ, ಏನು ಚಂದ! ಅಂಚು ಕಟ್ಟಿ, ತಲೆಬರಹಕ್ಕೆ ಹಸಿರು ಶಾಯಿ ಹಾಕಿ, ಪ್ಲಾಸ್ಟಿಕ್ಕಿನ ಸ್ಟೆನ್ಸಿಲ್ ಇಟ್ಟು ಚಿತ್ರ ಬಿಡಿಸುತ್ತಿದ್ದಳು. ಆ ಸ್ಟೆನ್ಸಿಲ್‌ನಲ್ಲಿ ಟ್ರಾನ್ಸಿಸ್ಟರಿಗೆ ಒಂದೇ ಕಿಂಡಿ ಇತ್ತು, ಬಾಣ ಕೆಳಗಿದ್ದು ಹೊರಕ್ಕೆ ಮುಖ ಮಾಡಿದ್ದು, ಎನ್‌ಪಿಎನ್ ಎನ್ನುವ ಬಗೆಯದು. ಎರಡು ಹಂತದ ಆಂಪ್ಲಿಫೈಯರ್ ಬಿಡಿಸುವ ದಿನ ಮೊದಲನೇ ಹಂತಕ್ಕೆ ಅದನ್ನಿಟ್ಟು ಗೀಚಿದಳು, ಸರಿಯಾಗಿತ್ತು. ಅದೇ ಕೈಯಲ್ಲಿ ಎರಡನೇ ಹಂತಕ್ಕೂ ಅದನ್ನೇ ಇಟ್ಟು ಗೀಚಿಬಿಟ್ಟಳು. ಅಲ್ಲಿ ಬೇಕಾಗಿದ್ದು ಅದಕ್ಕೆ ತದ್ವಿರುದ್ಧದ ಪಿಎನ್‌ಪಿ, ಬಾಣ ಮೇಲಿರಬೇಕು, ಒಳಮುಖವಾಗಿರಬೇಕು. ಸಾಮಾನಿನ ಪಟ್ಟಿಯಲ್ಲಿ ಎಸ್‌ಎಲ್ 100 ಒಂದು, ಅದರ ಪಿಎನ್‌ಪಿ ಜೋಡಿ ಎಸ್‌ಕೆ 100 ಒಂದು ಎಂದಿರಬೇಕಾದಲ್ಲಿ, ಚಿತ್ರಕ್ಕೆ ಹೊಂದಲಿ ಎಂದು ಎಸ್‌ಎಲ್ 100 ಎರಡು ಎಂದು ಬರೆದಳು.

ತಪ್ಪೆಂದು ಗೊತ್ತಾಗಲಿಲ್ಲವೆ? ಗೊತ್ತಾಗಿತ್ತು. ಅದೇ ಅವಳನ್ನು ಇಪ್ಪತ್ನಾಲ್ಕು ವರ್ಷದಿಂದ ಕೊರೆಯುತ್ತಿರುವುದು. ಮರುದಿನ ಸಹಿಗೆ ಕೊಡುವ ಮೊದಲು ನೋಡಿದಾಗಲೇ ಬಾಣ ತಪ್ಪಿದ್ದು ಕಣ್ಣಿಗೆ ಬಿದ್ದಿತ್ತು. ಆದರೆ ಬಿಳಿ ಶಾಯಿ ಬಳಿದರೆ ಆ ಪುಟ ಹಾಳಾಗುತ್ತಿತ್ತು. ಅಷ್ಟು ಚಂದದ ಪುಟ. ಮೇಷ್ಟ್ರು ನೋಡಲಿ, ಕೇಳಿದರೆ ಹೇಳೋಣ ಎಂದುಕೊಂಡಳು. ಮೇಷ್ಟ್ರು ಪುಟದ ಮೇಲೆ ಪುಟ ತಿರುವಿ ಸಹಿ ಹಾಕಿ ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟು, "ನೋಡ್ರೋ, ರೆಕಾರ್ಡ್ ಅಂದ್ರೆ ಹಿಂಗಿರ್ಬೇಕು" ಎಂದು ಕ್ಲಾಸಿಗೆಲ್ಲ ಎತ್ತಿ ತೋರಿಸಿದರು. ಅವಳು ಹೆಮ್ಮೆಯಿಂದ ಬೀಗಿದಳು, ನಾಚಿಕೆ ಆಮೇಲೆ ಬಂತು. ಅಳತೆಯಾದರೂ ನಿಜದ್ದೆ? ಮನೆಯಲ್ಲಿ ಕೂತು ಪುಸ್ತಕದ ಸೂತ್ರ ಹಿಡಿದು ಹಿಂದಿನಿಂದ ಮುಂದಕ್ಕೆ ಗುಣಿಸಿ, ಒಳಗೆ ಹೋದ ಅಲೆ ಹೊರಗೆ ಬರುವಾಗ ನಲವತ್ತಾರು ಪಟ್ಟು ದೊಡ್ಡದಾಗಿದೆ ಎಂದು ಬರೆದಿದ್ದಳು. ಆ ನಲವತ್ತಾರು ಅಲ್ಲಿಂದ ಹೊರಟಿತು. ಮದುವೆಯಾಗಿ, ಮಕ್ಕಳನ್ನು ಸಾಕಿ, ಅತಿಥಿಯಾಗಿ ಅವಳು ಇದೇ ಕಾಲೇಜಿಗೆ ವಾಪಸು ಬಂದಾಗಲೂ ಅದು ನಡೆದೇ ಇತ್ತು. ಮೂರು ವರ್ಷದ ಹಿಂದೆ ಮೊದಲ ಸಲ ಅವಳಿಗೆ ಲ್ಯಾಬು ಕೊಟ್ಟಾಗ ಒಬ್ಬ ಹುಡುಗನ ರೆಕಾರ್ಡಿನಲ್ಲಿ ತನ್ನ ಚಿತ್ರ ಕಂಡಿತು. ಅದೇ ಬಾಣ, ಅದೇ ಪಟ್ಟಿ, ಅದೇ ನಲವತ್ತಾರು. ಅಂದೇ ಹೇಳಬೇಕಿತ್ತು. ಅದು ಮೇ ತಿಂಗಳಾಗಿತ್ತು, ಪತ್ರ ಇನ್ನೂ ಬಂದಿರಲಿಲ್ಲ. ಮುಂದಿನ ವರ್ಷ ಹೇಳಿದರಾಯಿತು ಎಂದು ಸುಮ್ಮನಾದಳು. ಆಮೇಲೆ ಅದರ ಮುಂದಿನ ವರ್ಷ.

ಲ್ಯಾಬಿನಲ್ಲಿ ಅಟೆಂಡರ್ ಮಾಸ್ತಪ್ಪ ಆಗಲೇ ಚೀಟಿಗಳನ್ನು ಮಡಚಿ ತಟ್ಟೆಗೆ ಹಾಕಿಟ್ಟಿದ್ದ. ಯಾರಿಗೆ ಯಾವ ಚೀಟಿ ಬರುತ್ತದೋ ಅದೇ ಅವರ ಪ್ರಯೋಗ. ಕುಬಟೂರಿನ ರಕ್ಷಿತಾಗೆ ಎರಡು ಹಂತದ ಆಂಪ್ಲಿಫೈಯರ್ ಬಂತು. ಬಿಚ್ಚಿದ ಚೀಟಿಯನ್ನು ಸರ್ವಮಂಗಳ ಎರಡು ಸಲ ಓದಿಕೊಂಡಳು. ಆದರೂ ಧೈರ್ಯವಿತ್ತು, ಎಲ್ಲರಂತೆ ಈ ಹುಡುಗಿಯೂ ನಲವತ್ತಾರು ಬರೆದು ಕೈ ತೊಳೆದುಕೊಳ್ಳುತ್ತಾಳೆ. ಆದರೆ ಈ ಹುಡುಗಿ ಎಲ್ಲರಂತಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅಪ್ಪ ಜಟ್ಟಪ್ಪನ ಜೊತೆ ಗದ್ದೆಯ ಪಂಪ್‌ಸೆಟ್ಟು ಬಿಚ್ಚಿ ಕಟ್ಟುವವಳು, ಕೇಳಿದ್ದನ್ನು ಕಣ್ಣಿಂದ ನೋಡದೆ ಒಪ್ಪದವಳು. ಕ್ಲಾಸಿನಲ್ಲಿ ಒಮ್ಮೆ ಕೇಳಿದ್ದಳು, "ಮೇಡಂ, ಎರಡೂ ಕಡೆ ಒಂದೇ ಥರದ್ದು ಹಾಕಿದ್ರೆ ಏನಾಗ್ತದೆ?" ಸರ್ವಮಂಗಳ ಆವತ್ತು ಪಾಠವನ್ನು ಚೆನ್ನಾಗಿಯೇ ಮಾಡಿದ್ದಳು. ಹಂತದಿಂದ ಹಂತಕ್ಕೆ ನೇರ ತಂತಿ ಕೊಟ್ಟು ಒಂದೇ ಬಗೆಯ ಟ್ರಾನ್ಸಿಸ್ಟರುಗಳನ್ನು ಸಾಲಾಗಿ ನಿಲ್ಲಿಸಿದರೆ, ಪ್ರತಿ ಹಂತದಲ್ಲೂ ವೋಲ್ಟೇಜಿನ ಮಟ್ಟ ಮೇಲೇರುತ್ತ ಹೋಗಿ ಕೊನೆಗೆ ಸೂರಿಗೆ ತಲೆ ತಾಗುತ್ತದೆ, ಅಲೆಗೆ ಏಳಲು ಬೀಳಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ನಡುವೆ ತದ್ವಿರುದ್ಧದ ಬಗೆಯದನ್ನು ಹಾಕುವುದು; ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ, ಅಲೆ ಮಾತ್ರ ಎರಡರಲ್ಲೂ ಬೆಳೆಯುತ್ತದೆ. ಇಷ್ಟೆಲ್ಲ ಬೋರ್ಡಿನ ಮೇಲೆ ಬಿಡಿಸಿ ಹೇಳಿದವಳು, ನಿಮ್ಮ ರೆಕಾರ್ಡಿನಲ್ಲಿರುವುದು ತಪ್ಪು ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಪಾಠ ಬೇರೆ, ಲ್ಯಾಬು ಬೇರೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದಳು. ನಾಚಿಕೆಗೆಟ್ಟ ಸಮಾಧಾನ.

ಹನ್ನೆರಡು ಗಂಟೆಗೆ ಕಲ್ಲಪ್ಪ ಸರ್ ಉತ್ತರ ಪತ್ರಿಕೆ ನೋಡುತ್ತ ಬಂದವರು ರಕ್ಷಿತಾಳ ಮೇಜಿನ ಹತ್ತಿರ ನಿಂತರು. ಬೆಳಿಗ್ಗೆ ಸಾಗರದ ಕಡೆಯಿಂದ ಹೊರಟು ಬಂದ ದಣಿವು ಮುಖದಲ್ಲೇ ಇತ್ತು. ಕೆಟ್ಟವರಲ್ಲ, ಬೇಗ ಮುಗಿಸಬೇಕೆನ್ನುವವರು. "ಏನಮ್ಮಾ, ಒಂಬತ್ತು ಪಟ್ಟು ಅಂತ ಬರ್ದಿದೀಯಲ್ಲ? ಎಷ್ಟು ಬರ್ಬೇಕು?"

"ರೆಕಾರ್ಡಲ್ಲಿ ನಲವತ್ತಾರು ಐತಿ ಸರ್. ಬಂದಿದ್ದು ಒಂಬತ್ತು."

"ಎಲ್ಲೋ ವೈರ್ ಲೂಸ್ ಇರ್ಬೇಕು. ಇರ್ಲಿ, ಟೈಮ್ ಇಲ್ಲ. ನಲವತ್ತಾರು ಅಂತ ತಿದ್ದಿ ಕೊಡು, ಪಾಸ್ ಹಾಕ್ತೀನಿ."

"ಮೂರು ಸಲ ಬಿಚ್ಚಿ ಕಟ್ಟಿದೀನಿ ಸರ್. ಬರದೆ ಇರೋದನ್ನ ಹೆಂಗ್ ಬರೀಲಿ?"

ಲ್ಯಾಬಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕಲ್ಲಪ್ಪ ಸರ್ ಮುಖ ಬಿಗಿಯಿತು. "ಹಂಗಾದ್ರೆ ಸೊನ್ನೆ ಹಾಕ್ಬೇಕಾಗ್ತದೆ ನೋಡು. ಪ್ರಾಕ್ಟಿಕಲ್ ಹೋದ್ರೆ ವರ್ಷ ಹೋಯ್ತು," ಎಂದು ಪತ್ರಿಕೆಯನ್ನು ಮೇಜಿನ ಮೇಲೆ ಬಿಸಾಕಿ ಮುಂದೆ ನಡೆದರು. ಬಾಗಿಲಲ್ಲಿ ನಿಂತಿದ್ದ ಸಂಗಮೇಶ್ ಸರ್ವಮಂಗಳೆಯನ್ನು ಕೈ ಮಾಡಿ ಕರೆದು ಮೆಲ್ಲಗೆ ಹೇಳಿದ, "ನೀವೊಂದು ಮಾತು ಹೇಳ್ರಿ ಮೇಡಂ. ನಿಮ್ಮ ಮಾತು ಕೇಳ್ತಾಳೆ. ಸುಮ್ನೆ ಯಾಕೆ ಹಟ ಹಿಡಿದು ಹಾಳಾಗ್ತಾಳೆ? ಫೇಲಾದ್ರೆ ನಮ್ಮ ರಿಸಲ್ಟೂ ಬೀಳ್ತದೆ."

ಹೇಳಲೆಂದೇ ಹೋದಳು. ಅದು ಅವಳಿಗೆ ಆಮೇಲೂ ನೆನಪಿರುತ್ತದೆ, ಹೇಳಲೆಂದೇ ಹೋದದ್ದು. ಆ ಆರೇಳು ಹೆಜ್ಜೆಯಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದಳು: ನೋಡಮ್ಮ, ಪರೀಕ್ಷೆ ಬೇರೆ, ಸತ್ಯ ಬೇರೆ, ಇವತ್ತು ಬರೆದುಬಿಡು, ಮುಂದೆ ಬೇಕಾದ್ದು ಮಾಡುವೆಯಂತೆ. ಯಾರ ಮಾತು ಇದು? ಎಲ್ಲೋ ಕೇಳಿದ್ದು. ಗಂಡ ವೀರಬಸಪ್ಪ ದಿನಾ ಹೇಳುವುದು ಇದನ್ನೇ ಅಲ್ಲವೆ, "ಒಂದು ಹೂಂ ಅಂದ್ರೆ ನಿನ್ನ ಗಂಟೇನು ಹೋಗ್ತೈತಿ?" ಹೋಗುವ ಗಂಟು ಯಾವುದೆಂದು ಅವಳಿಗೂ ಹೇಳಲು ಬಂದಿರಲಿಲ್ಲ. ಹುಡುಗಿ ಅಳುತ್ತಿರಬಹುದೆಂದುಕೊಂಡಿದ್ದಳು, ಅತ್ತರೆ ಸಮಾಧಾನ ಮಾಡುವುದು ಸುಲಭ. ಹುಡುಗಿ ಅಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಕೈ ಕಟ್ಟಿಕೊಂಡು, ಅಲೆ ತೋರಿಸುವ ಸಿಆರ್‌ಒ ಪರದೆಯ ಹಸಿರು ಗೆರೆಗಳನ್ನೇ ನೋಡುತ್ತ ನಿಂತಿದ್ದಳು. ಮೇಲೆ ಒಳಗೆ ಹೋಗುವ ಅಲೆ, ಕೆಳಗೆ ಹೊರಗೆ ಬರುವ ಅಲೆ. ಸರ್ವಮಂಗಳೆಯ ಬಾಯಿಂದ ಜೋಡಿಸಿಕೊಂಡ ಮಾತು ಬರಲಿಲ್ಲ. "ಒಂಬತ್ತು ಯಾಕೆ ಬಂತು ಅಂತ ಯೋಚನೆ ಮಾಡಿದ್ಯಾ?" ಎಂದು ಕೇಳಿದಳು.

"ಮಾಡಿದೆ ಮೇಡಂ. ಮೊದಲನೇದರ ಹತ್ರ ಅಳೆದ್ರೂ ಒಂಬತ್ತು, ಎರಡನೇದರ ಹತ್ರ ಅಳೆದ್ರೂ ಒಂಬತ್ತು. ಎರಡನೇದು ಏನೂ ಮಾಡ್ತಿಲ್ಲ. ಅದು ಕೊಟ್ಟಿದ್ದನ್ನೇ ಇದು ಹಂಗೇ ದಾಟಿಸ್ತಿದೆ, ಅಷ್ಟೆ." ಪರದೆಗೆ ಬೆರಳಿಟ್ಟಳು. "ಮತ್ತೆ ಇಲ್ಲಿ ನೋಡಿ, ಅಲೆ ತಲೆಕೆಳಗಾಗಿದೆ. ಒಂದೊಂದು ಹಂತ ಒಂದೊಂದು ಸಲ ಮಗುಚ್ತದೆ. ರೊಟ್ಟಿ ಎರಡು ಸಲ ಮಗುಚಿದ್ರೆ ಮೊದಲಿನ ಮುಖಕ್ಕೇ ಬರ್ಬೇಕಲ್ವಾ? ಒಂದೇ ಸಲ ಮಗುಚಿದೆ."

ಸರ್ವಮಂಗಳ ಪರದೆಗೆ ಬಗ್ಗಿ ನೋಡಿದಳು. ಇಪ್ಪತ್ನಾಲ್ಕು ವರ್ಷ, ಎಷ್ಟು ನೂರು ಹುಡುಗರು, ಎಷ್ಟು ಮೇಷ್ಟ್ರುಗಳು, ಎಷ್ಟು ಕೆಂಪು ಸಹಿಗಳು. ಒಬ್ಬರೂ ಈ ಪರದೆಯನ್ನು ಕಣ್ಣು ಬಿಟ್ಟು ನೋಡಿರಲಿಲ್ಲ. ನೋಡಿದವಳೊಬ್ಬಳಿಗೆ ಸೊನ್ನೆ. ಥೂ! ಸಿಟ್ಟು ಯಾರ ಮೇಲೆ ಎಂದು ವಿಚಾರಿಸುವಷ್ಟು ಪುರುಸೊತ್ತು ಇರಲಿಲ್ಲ, ಬಂದ ಸಿಟ್ಟನ್ನು ಬಂದ ಹಾಗೆ ಹಿಡಿದುಕೊಂಡಳು. ತಿರುಗಿ ನಿಂತು, ಲ್ಯಾಬಿಗೆಲ್ಲ ಕೇಳುವಂತೆ ಹೇಳಿದಳು, "ಕಲ್ಲಪ್ಪ ಸರ್, ಈ ಹುಡುಗಿ ಬರ್ದಿದ್ದು ಸರಿಯಾಗೈತಿ. ರೆಕಾರ್ಡಿನ ಚಿತ್ರವೇ ತಪ್ಪು."

"ಏನ್ರೀ ಮೇಡಂ, ಎಷ್ಟೋ ವರ್ಷದಿಂದ ಇರೋ ಚಿತ್ರ. ನಮ್ಮ ಕಾಲೇಜಲ್ಲೂ ನಲವತ್ತಾರೇ ಬರ್ತದಲ್ಲ!"

ಅಲ್ಲಿಗೂ ಹೋಗಿದೆ. ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿದಳು. "ಬರಲ್ಲ ಸರ್. ಬರೀತಾರೆ. ಆ ಚಿತ್ರ ನನ್ನದು. ಇದೇ ಕಾಲೇಜಲ್ಲಿ ಕಲೀವಾಗ ನಾನು ಬಿಡಿಸಿದ್ದು. ಎರಡನೇ ಹಂತದಲ್ಲಿ ಬಾಣ ತಪ್ಪಿದೆ ಅಂತ ನನಗೆ ಮರುದಿನವೇ ಗೊತ್ತಾಗಿತ್ತು. ಪುಟ ಕೆಡ್ತದೆ ಅಂತ ತಿದ್ದಲಿಲ್ಲ. ಆ ನಲವತ್ತಾರು ನಾನು ಮನೇಲಿ ಕೂತು ಹುಟ್ಟಿಸಿದ್ದು."

ಸಂಗಮೇಶ್ ಎರಡು ದಾಪುಗಾಲಿಗೆ ಒಳಗೆ ಬಂದ. "ಮೇಡಂ, ಇದು ಎಕ್ಸಾಮು. ಇಲ್ಲಿ ಇದೆಲ್ಲ ಬೇಡ."

"ಎಕ್ಸಾಮು ಅಂತಲೇ ಹೇಳ್ತಿರೋದು ಸರ್. ಇವಳಿಗೆ ಸೊನ್ನೆ ಹಾಕೋದಾದ್ರೆ ಮಾರ್ಕ್ಸ್ ಪಟ್ಟೀಲಿ ನಾನು ಸೈನ್ ಹಾಕಲ್ಲ. ನನ್ನ ಸೈನಿಲ್ಲದೆ ಅದು ಹೋಗಲ್ಲ." ಕಪಾಟಿನ ಕಡೆ ತಿರುಗಿದಳು. "ಮಾಸ್ತಪ್ಪ, ಎಸ್‌ಕೆ 100 ಇದಾವಾ?"

ಮಾಸ್ತಪ್ಪ ಒಮ್ಮೆ ಸಂಗಮೇಶನ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಕಪಾಟಿನ ಕೆಳಗಿನ ಖಾನೆಗೆ ಕೈ ಹಾಕಿ ಒಂದು ರಟ್ಟಿನ ಪೆಟ್ಟಿಗೆ ಎಳೆದ. "ಇಲ್ಲದೆ ಏನು ಮೇಡಮ್ಮೋರೆ, ಪೆಟ್ಟಿಗೆ ತುಂಬ ಇದಾವೆ. ಎಸ್‌ಎಲ್ ವರ್ಷಾ ಖರ್ಚಾಗ್ತವೆ, ಇವನ್ನ ಕೇಳೋರೇ ಇಲ್ಲ. ವಾಪಸ್ ಕಳಿಸಾಣ ಅಂತಿದ್ದೆ." ಪೆಟ್ಟಿಗೆಯ ಸೀಲು ಒಡೆದಿರಲಿಲ್ಲ. ಸರ್ವಮಂಗಳ ಅದನ್ನು ಹರಿದು ಒಂದನ್ನು ತೆಗೆದು ರಕ್ಷಿತಾಳ ಅಂಗೈಗೆ ಹಾಕಿದಳು. ಕಡಲೆಕಾಳಿನಷ್ಟು ಲೋಹದ ಡಬ್ಬಿ, ಮೂರು ಕಾಲು. ತಾನು ಮುಟ್ಟಲಿಲ್ಲ, ಏನು ಮಾಡಬೇಕೆಂದೂ ಹೇಳಲಿಲ್ಲ. ಹುಡುಗಿ ಅದನ್ನು ತಿರುಗಿಸಿ ನೋಡಿ, ಹಳೆಯದನ್ನು ಕಿತ್ತು, ಇದನ್ನು ಬಾಣದ ಕಾಲು, ಅಂದರೆ ಎಮಿಟರ್, ಮೇಲೆ ಬರುವಂತೆ ಚುಚ್ಚಿದಳು. ಪರದೆಯ ಮೇಲೆ ಕೆಳಗಿನ ಅಲೆ ಚಂಗನೆ ಎದ್ದು ಪರದೆಯನ್ನೇ ಮೀರಿ ಹೋಯಿತು. ಅಳತೆಯ ಗುಂಡಿ ತಿರುಗಿಸಿ ಅಲೆಯನ್ನು ಒಳಗೆ ತಂದಾಗ, ಎರಡು ಅಲೆಗಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಹುಡುಗರು ಬೆಂಚು ಬಿಟ್ಟು ಸುತ್ತ ಕವಿದುಕೊಂಡರು. ರಕ್ಷಿತಾ ಚೌಕಗಳನ್ನು ಎಣಿಸಿ, ಭಾಗಿಸಿ, ಎರಡನೇ ಸಲ ಎಣಿಸಿ ಹೇಳಿದಳು, "ನಲವತ್ತೊಂದು."

"ನಲವತ್ತಾರಲ್ವಾ?" ಎಂದರು ಕಲ್ಲಪ್ಪ ಸರ್, ಬಗ್ಗಿ ತಾವೂ ಎಣಿಸುತ್ತ.

"ಅಲ್ಲ ಸರ್. ನಲವತ್ತೊಂದು."

ಅವರು ಚೌಕಗಳನ್ನು ಇನ್ನೊಂದು ಸಲ ಎಣಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ ರಕ್ಷಿತಾಳ ಪತ್ರಿಕೆ ಎಳೆದುಕೊಂಡು ಪೂರ್ತಿ ಅಂಕ ಹಾಕಿದರು. ಸರ್ವಮಂಗಳ ಪಕ್ಕದಲ್ಲಿ ಸಹಿ ಹಾಕಿದಳು.

ಊಟದ ಹೊತ್ತಿಗೆ ಲ್ಯಾಬು ಖಾಲಿಯಾಯಿತು. ಕಲ್ಲಪ್ಪ ಸರ್ ಅವರನ್ನು ಊಟಕ್ಕೆ ಕಳಿಸಿ ಸಂಗಮೇಶ್ ವಾಪಸು ಬಂದ. ಬೈಯುತ್ತಾನೆಂದು ಅವಳು ಸೆರಗು ಬಿಗಿದುಕೊಂಡು ತಯಾರಾಗಿದ್ದಳು, ಅವನು ಬೈಯಲಿಲ್ಲ. ಮೇಜಿನ ಮೇಲೆ ಕಟ್ಟಿಟ್ಟಿದ್ದ ಮೂವತ್ತೆರಡು ರೆಕಾರ್ಡುಗಳನ್ನು ತಟ್ಟಿ, ಸಣ್ಣ ದನಿಯಲ್ಲಿ ಹೇಳಿದ, "ಆಯ್ತಲ್ಲ ಮೇಡಂ, ಹುಡುಗಿ ಪಾಸಾದ್ಲು. ನಿಮ್ಮ ಮನಸಿಗೂ ಸಮಾಧಾನ ಆಯ್ತು. ಇಲ್ಲಿಗೆ ಬಿಟ್ಬಿಡಿ. ಇವು ಸಂಜೆ ಇನ್‌ಸ್ಪೆಕ್ಷನ್‌ಗೆ ಹೋಗ್ತಾವೆ, ಚೆನ್ನಾಗಿ ಕಾಣ್ತಾವೆ, ಎಲ್ಲದಕ್ಕೂ ಸೈನ್ ಆಗಿದೆ. ಮುಂದಿನ ವರ್ಷದಿಂದ ತಿದ್ದೋಣ. ಜೂನ್ ಪತ್ರ ನಾನು ಬರ್ಕೊಡ್ತೀನಿ." ಹೀಗೆಂದು ಕೈ ತೊಳೆಯಲು ಹೋದ. ಅವಳಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಇಲ್ಲವೆಂದರೆ ಸುಳ್ಳಾದೀತು. ಗೆದ್ದದ್ದೂ ಆಯಿತು, ಕೆಲಸವೂ ಉಳಿಯಿತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನೆಲ್ಲ ಮತ್ತೆ ಮತ್ತೆ ನೆನೆಸಿಕೊಳ್ಳಬಹುದು, ವೀರಬಸಪ್ಪನಿಗೆ ಹೇಳಬಹುದು. ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದರೂ ಬೀಳದವಳಂತೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದಳು.

ಎದುರಿಗೆ ರಕ್ಷಿತಾ ನಿಂತಿದ್ದಳು. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆಂದು ಸರ್ವಮಂಗಳ ನಕ್ಕು, "ಊಟ ಆಯ್ತೇನಮ್ಮಾ?" ಎಂದಳು. ಹುಡುಗಿ ನಗಲಿಲ್ಲ. ಕಟ್ಟಿನಿಂದ ತನ್ನ ರೆಕಾರ್ಡ್ ಎಳೆದು, ಪುಟ ತಿರುವಿ, ಡಬ್ಬಿಯ ಪಕ್ಕಕ್ಕೆ ಬಿಚ್ಚಿಟ್ಟಳು. ಅಲ್ಲಿ ಆ ಚಿತ್ರವಿತ್ತು. ತಪ್ಪು ಬಾಣವಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿತ್ತು, ಸರ್ವಮಂಗಳ ಎಂದು, ದುಂಡಗೆ, ನವೆಂಬರ್ ತಾರೀಕಿನ ಸಮೇತ.

"ನಿಮಗೆ ಮೊದಲೇ ಗೊತ್ತಿತ್ತಲ್ವಾ ಮೇಡಂ?"

"ಗೊತ್ತಿತ್ತು."

"ಮತ್ತೆ ಇದಕ್ಕೆ ಯಾಕೆ ಸೈನ್ ಹಾಕಿದ್ರಿ? ನಾನು ಇದನ್ನೇ ನೋಡ್ಕೊಂಡು ಕಟ್ಟಿದ್ದು. ಇವತ್ತು ಮೂರು ಸಲ ಬಿಚ್ಚಿದೆ. ನನಗೇ ಬುದ್ಧಿ ಇಲ್ಲ ಅಂತ ಅನ್ಕೊಂಡೆ." ಅವಳು ಕಣ್ಣು ಕೆಳಗೆ ಹಾಕಲಿಲ್ಲ.

ಕೆಲಸ, ಮನೆ, ಪತ್ರ, ಮಕ್ಕಳ ಓದು, ಎಷ್ಟು ಉತ್ತರಗಳಿದ್ದವು. ಒಂದೊಂದೂ ನಿಜವೇ. ಈ ಹುಡುಗಿಯ ಮುಂದೆ ಅವನ್ನೆಲ್ಲ ಬದಿಗಿಟ್ಟಳು. "ಹೆದರಿದ್ದೆ ಕಣೆ," ಎಂದಳು ಸರ್ವಮಂಗಳ. "ಹೆದ್ರಿಕೆ, ಮತ್ತೇನಿಲ್ಲ."

ಬ್ಯಾಗಿನಿಂದ ಕೆಂಪು ಪೆನ್ನು ತೆಗೆದಳು. ಚಿತ್ರದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದು, ತನ್ನ ಸಹಿಯ ಮೇಲೆ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ ಬರೆದಳು: ಚಿತ್ರ ತಪ್ಪು, ಸಹಿಯೂ ತಪ್ಪು. ಇವತ್ತಿನ ತಾರೀಕು ಹಾಕಿದಳು. ಪುಟ ಪೂರ್ತಿ ಹಾಳಾಯಿತು. ರಕ್ಷಿತಾ ಅದನ್ನು ಓದಿದಳು, ಆಮೇಲೆ ಕಟ್ಟಿನ ಕಡೆ ತಿರುಗಿದಳು.

"ಬಾಕಿ ಮೂವತ್ತೊಂದು?"

ಸರ್ವಮಂಗಳ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದಳು. "ತಗೊಂಡ್ ಬಾ."

ಎಂಟನೆಯದಕ್ಕೆ ಗೆರೆ ಎಳೆಯುತ್ತಿದ್ದಾಗ ಸಂಗಮೇಶ್ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಮೇಡಂ! ಏನ್ ಮಾಡ್ತಿದೀರಿ? ಜೂನ್‌ನಲ್ಲಿ ನನ್ನ ಹತ್ರ ಬರ್ಬೇಡಿ ಮತ್ತೆ, ಹೇಳಿರ್ತೀನಿ!"

ಅವಳು ತಲೆ ಎತ್ತಲಿಲ್ಲ. "ಬರಲ್ಲ ಬಿಡೋ ಸಂಗಮೇಶ. ನಿನ್ನ ಹತ್ರ ಕೆಂಪು ಪೆನ್ನಿದ್ರೆ ಕೊಡು, ಇದು ಮುಗೀತಾ ಬಂತು."

ರಕ್ಷಿತಾ ಒಂಬತ್ತನೆಯ ರೆಕಾರ್ಡಿನ ಪುಟ ಹುಡುಕಿ ಅವಳ ಮುಂದೆ ಬಿಚ್ಚಿಟ್ಟಳು.